ಆಕ್ಸೆಪ್ಟ್ ಬಟನ್ ಒತ್ತೋದು ಯಾರು?

ಹೋದ ವರ್ಷ ನಮ್ಮ ಟೀಮಿಗೆ ಒಂದು ಹೊಸ ಪ್ರಾಜೆಕ್ಟ್ ಬಂತು. ಕ್ಲೈಂಟ್ ಒಂದು ಫ್ಯಾಕ್ಟರಿ, ಲೋಹದ ಹಾಳೆಗಳನ್ನ ಪ್ರೆಸ್ ಮಾಡಿ ಬಿಡಿಭಾಗ ತಯಾರಿಸೋರು. ಅವರ ಸೇಫ್ಟಿ ಡಿಪಾರ್ಟ್‌ಮೆಂಟಿಗೆ ಒಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಬೇಕಿತ್ತು. ಫ್ಯಾಕ್ಟರಿಯಲ್ಲಿ ಎಲ್ಲೆಲ್ಲಿ ಏನೇನು ಅಪಾಯ ಇದೆ, ಪ್ರತಿಯೊಂದಕ್ಕೂ ಏನು ಪರಿಹಾರ, ಅದನ್ನ ಯಾರು ಮಾಡ್ತಾರೆ, ಯಾವ ತಾರೀಖಿಗೆ ಮುಗಿಯುತ್ತೆ, ಎಷ್ಟು ಖರ್ಚು, ಇದೆಲ್ಲ ಅಲ್ಲಿವರೆಗೆ ಹತ್ತಾರು ಎಕ್ಸೆಲ್ ಶೀಟುಗಳಲ್ಲಿ ಹಂಚಿಹೋಗಿತ್ತು. ಅದನ್ನ ಒಂದು ಡ್ಯಾಶ್‌ಬೋರ್ಡಿಗೆ ತರಬೇಕು. ಕೆಂಪು, ಹಳದಿ, ಹಸಿರು.

ನಂಗೆ ಇದು ಸಲೀಸು ಕೆಲಸ ಅನಿಸಿತ್ತು. ಹತ್ತು ವರ್ಷದಿಂದ ಜಿರಾ ನೋಡಿಕೊಂಡೇ ಬೆಳಗ್ಗೆ ಕಾಫಿ ಕುಡಿಯೋನಿಗೆ ಇನ್ನೊಂದು ಜಿರಾ ಕಟ್ಟೋದೇನು ಮಹಾ? "ಬಗ್ ಅಂತ ಇರೋ ಕಡೆ ಹಜಾರ್ಡ್ ಅಂತ ಹಾಕಿದ್ರಾಯ್ತು" ಅಂತ ಮೊದಲನೇ ಮೀಟಿಂಗಿನಲ್ಲಿ ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಫ್ಯಾಕ್ಟರಿ ಕಡೆಯಿಂದ ಬಂದಿದ್ದ ಸೇಫ್ಟಿ ಆಫೀಸರ್ ಮಾತ್ರ ನಗಲಿಲ್ಲ. ಐವತ್ತು ದಾಟಿದ ಮನುಷ್ಯ, ಮೀಟಿಂಗಿಗೂ ಸೇಫ್ಟಿ ಶೂ ಹಾಕ್ಕೊಂಡೇ ಬಂದಿದ್ರು. ನಗದೇ ಇದ್ದದ್ದಕ್ಕೆ ಸ್ವಲ್ಪ ಬೇಜಾರೂ ಆಯ್ತು, ನಿಜ ಹೇಳಬೇಕಂದ್ರೆ.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಗೊತ್ತಿರೋರಿಗೆ ರಿಸ್ಕ್ ರಿಜಿಸ್ಟರ್ ಹೊಸದಲ್ಲ. ಗೊತ್ತಿಲ್ಲದೋರಿಗೆ ಎರಡು ಮಾತು. ಒಂದು ಅನಾಹುತ ಆಗೋ ಸಾಧ್ಯತೆಗೆ ಒಂದರಿಂದ ಐದರವರೆಗೆ ಅಂಕ. ಆದರೆ ಎಷ್ಟು ಕೆಟ್ಟದಾಗುತ್ತೆ ಅನ್ನೋದಕ್ಕೂ ಒಂದರಿಂದ ಐದು. ಎರಡನ್ನೂ ಗುಣಿಸಿ. 25 ಬಂದ್ರೆ ಕಡುಗೆಂಪು, 1 ಬಂದ್ರೆ ಹಸಿರು. ಆಮೇಲೆ ಆ ರಿಸ್ಕನ್ನ ಏನು ಮಾಡ್ತೀರಿ ಅನ್ನೋದಕ್ಕೆ ನಾಲ್ಕು ದಾರಿ. ಅವಾಯ್ಡ್, ಅಂದ್ರೆ ಆ ಗೋಜಿಗೇ ಹೋಗದೇ ಇರೋದು. ಮಿಟಿಗೇಟ್, ಅಂದ್ರೆ ತಗ್ಗಿಸೋದು. ಟ್ರಾನ್ಸ್‌ಫರ್, ಅಂದ್ರೆ ಇನ್ಶೂರೆನ್ಸೋ ಕಾಂಟ್ರ್ಯಾಕ್ಟೋ ಮಾಡಿ ಬೇರೆಯವರ ತಲೆಗೆ ಕಟ್ಟೋದು. ಕೊನೆಯದು ಆಕ್ಸೆಪ್ಟ್. ಆದದ್ದಾಗಲಿ ಅಂತ ಒಪ್ಪಿಕೊಳ್ಳೋದು.

ನಾನು ಈ ನಾಲ್ಕನ್ನೂ ಒಂದು ಡ್ರಾಪ್‌ಡೌನಿನಲ್ಲಿ ಹಾಕಿ ಡೆಮೋ ತೋರಿಸ್ತಾ ಇದ್ದೆ. ಸೇಫ್ಟಿ ಆಫೀಸರ್ ಕೈ ಎತ್ತಿದರು.

"ಅಲ್ಲ ಸಾರ್, ಈ ಆಕ್ಸೆಪ್ಟ್ ಅಂತ ಬಟನ್ ಇದ್ಯಲ್ಲ, ಇದನ್ನ ಒತ್ತೋದು ಯಾರು?"

"ರಿಸ್ಕ್ ಓನರ್ ಸಾರ್."

"ಅಂದ್ರೆ?"

"ಅಂದ್ರೆ ಆ ರಿಸ್ಕಿಗೆ ಜವಾಬ್ದಾರಿ ಇರೋರು. ಪ್ರೊಡಕ್ಷನ್ ಮ್ಯಾನೇಜರ್ರೋ, ಪ್ಲಾಂಟ್ ಹೆಡ್ಡೋ."

"ಅವರ ಕೈ ಪ್ರೆಸ್ ಒಳಗೆ ಹೋಗಲ್ವಲ್ಲ ಸಾರ್."

ಯಾರೂ ಏನೂ ಹೇಳಲಿಲ್ಲ. ನಾನು ಮುಂದಿನ ಸ್ಕ್ರೀನಿಗೆ ಹೋದೆ. ಡೆಮೋ ಅಂದ್ರೆ ಹಾಗೇ ತಾನೆ, ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದ್ರೆ ಮುಂದಿನ ಸ್ಕ್ರೀನು.

ಆದ್ರೆ ಆ ಮಾತು ತಲೆಯೊಳಗೆ ಕೂತುಬಿಡ್ತು. ನಮ್ಮ ಕೆಲಸದಲ್ಲಿ ರಿಸ್ಕ್ ಒಪ್ಪಿಕೊಳ್ಳೋನೂ ಅದನ್ನ ಅನುಭವಿಸೋನೂ ಹೆಚ್ಚುಕಮ್ಮಿ ಒಬ್ಬನೇ. "ಸರ್ವರ್ ರಾತ್ರಿ ಬಿದ್ರೂ ಬೀಳಬಹುದು, ಪರವಾಗಿಲ್ಲ, ರಿಲೀಸ್ ಮಾಡೋಣ" ಅಂತ ಶುಕ್ರವಾರ ಸಂಜೆ ನಾನೇ ಹೇಳಿದ್ರೆ, ರಾತ್ರಿ ಎರಡು ಗಂಟೆಗೆ ಫೋನ್ ಬಡ್ಕೊಳ್ಳೋದೂ ನನ್ನ ತಲೆದಿಂಬಿನ ಹತ್ರಾನೇ. ಆಕ್ಸೆಪ್ಟ್ ಅನ್ನೋ ಪದಕ್ಕೆ ಅಲ್ಲಿ ಅರ್ಥ ಇದೆ. ಅದೇ ಪದವನ್ನ ಒಂದು ಪ್ರೆಸ್ ಮೆಷಿನ್ ಪಕ್ಕದಲ್ಲಿಟ್ಟರೆ ಅದರ ವ್ಯಾಕರಣವೇ ಕೆಟ್ಟುಹೋಗುತ್ತೆ. ನನ್ನ ಬೆರಳನ್ನ ನಾನು ಪಣಕ್ಕಿಡಬಹುದು. ನಿಮ್ಮ ಬೆರಳನ್ನ ನಾನು "ಒಪ್ಪಿಕೊಳ್ಳೋದು" ಹೇಗೆ?

ಒಂದು ವಾರ ಬಿಟ್ಟು ಫ್ಯಾಕ್ಟರಿ ನೋಡೋಕೆ ಹೋದೆ. ರಿಕ್ವೈರ್‌ಮೆಂಟ್ ಅರ್ಥ ಮಾಡಿಕೊಳ್ಳೋಕೆ ಅಂತ ಮೇಲಿನವರಿಗೆ ಹೇಳಿದ್ದೆ.

ಪ್ರೆಸ್ ಶಾಪ್ ಅಂದ್ರೆ ಕಿವಿಗೆ ಪ್ಲಗ್ ಹಾಕಿದ್ರೂ ಎದೆಗೆ ಕೇಳಿಸೋ ಸದ್ದು. ಒಬ್ಬ ಹುಡುಗ ಹಾಳೆ ಇಡ್ತಾನೆ, ಎರಡು ಕೈಯಲ್ಲಿ ಎರಡು ಬಟನ್ ಒತ್ತುತ್ತಾನೆ, ಮೇಲಿನ ಭಾಗ ದಡ್ ಅಂತ ಇಳಿಯುತ್ತೆ, ತುಂಡನ್ನ ತೆಗೆದು ಪಕ್ಕಕ್ಕೆ ಹಾಕ್ತಾನೆ, ಮತ್ತೆ ಹಾಳೆ. ಎರಡು ಬಟನ್ ಯಾಕಂದ್ರೆ ಎರಡೂ ಕೈ ಬಟನ್ ಮೇಲೇ ಇದ್ರೆ ಒಳಗೆ ಯಾವ ಕೈಯೂ ಇರಲ್ಲ. ಸರಳ, ಚಂದದ ಉಪಾಯ. ಆದ್ರೆ ಒಂದು ಬಟನ್ನಿಗೆ ಟೇಪ್ ಸುತ್ತಿ ಒತ್ತಿದ ಹಾಗೇ ಇಟ್ಟುಬಿಟ್ರೆ ಒಂದು ಕೈ ಖಾಲಿ ಆಗುತ್ತೆ, ಗಂಟೆಗೆ ಬರೋ ತುಂಡುಗಳ ಲೆಕ್ಕ ಏರುತ್ತೆ. ಹಳೇ ಮೆಷಿನ್‌ಗಳಲ್ಲಿ ಈ ಆಟ ನಡೆಯುತ್ತೆ ಅಂತ ಸೇಫ್ಟಿ ಆಫೀಸರ್ ಹೇಳಿದ್ರು. ಅದಕ್ಕೇ ಅವರ ಪ್ರಾಜೆಕ್ಟು ಇದ್ದದ್ದು ಆ ಹಳೇ ಪ್ರೆಸ್‌ಗಳಿಗೆ ಲೈಟ್ ಕರ್ಟನ್ ಹಾಕೋದು. ಕಣ್ಣಿಗೆ ಕಾಣದ ಬೆಳಕಿನ ಪರದೆ, ಕೈ ಅಡ್ಡ ಬಂದ್ರೆ ಮೆಷಿನ್ ನಿಂತುಬಿಡುತ್ತೆ. ಹಾಕೋಕೆ ಪ್ರತಿ ಮೆಷಿನ್ನೂ ಎರಡು ದಿನ ನಿಲ್ಲಬೇಕು.

ಆ ಎರಡು ದಿನ ಅವರಿಗೆ ಸಿಗ್ತಾ ಇರಲಿಲ್ಲ. ಒಂದು ಸಲ ತಿಂಗಳ ಕೊನೆ, ಡಿಸ್ಪ್ಯಾಚ್ ಇದೆ. ಇನ್ನೊಂದು ಸಲ ಕ್ವಾರ್ಟರ್ ಕೊನೆ. ಮೂರನೇ ಸಲ ಕಸ್ಟಮರ್ ಆಡಿಟ್ ಬರ್ತಾ ಇದ್ದಾರೆ, ಈಗ ಮೆಷಿನ್ ಬಿಚ್ಚಿ ಹಾಕಿದ್ರೆ ಚೆನ್ನಾಗಿರಲ್ಲ.

"ನೋಡಿ ಸಾರ್, ಈ ಪ್ರಾಜೆಕ್ಟಿಗೆ ಮ್ಯಾನೇಜರು ನಾನೇ" ಅಂದ್ರು ಅವರು, ಕ್ಯಾಂಟೀನಿನಲ್ಲಿ ಚಹಾ ಕುಡೀತಾ. "ಆದ್ರೆ ಮೆಷಿನ್ ನಂದಲ್ಲ, ಎಲೆಕ್ಟ್ರಿಷಿಯನ್ ನಂದಲ್ಲ, ಟೈಮೂ ನಂದಲ್ಲ. ನಂದು ಅಂತ ಇದ್ದದ್ದು ಎಕ್ಸೆಲ್ ಶೀಟು. ಈಗ ಅದೂ ನಿಮ್ಮ ಸಾಫ್ಟ್‌ವೇರಿಗೆ ಹೋಯ್ತು."

ಸುರಕ್ಷತೆ ಓದಿದೋರಿಗೆಲ್ಲ ಒಂದು ಏಣಿ ಕಲಿಸ್ತಾರೆ. ಅಪಾಯವನ್ನೇ ತೆಗೆದುಹಾಕೋದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಆಗಲಿಲ್ಲ ಅಂದ್ರೆ ಕಡಿಮೆ ಅಪಾಯದ ಇನ್ನೊಂದು ವಸ್ತುವನ್ನೋ ವಿಧಾನವನ್ನೋ ತರೋದು. ಅದೂ ಆಗಲಿಲ್ಲ ಅಂದ್ರೆ ಲೈಟ್ ಕರ್ಟನ್ ಥರದ ಎಂಜಿನಿಯರಿಂಗ್ ತಡೆ. ಅದರ ಕೆಳಗೆ ನಿಯಮ, ಟ್ರೈನಿಂಗ್, ಬೋರ್ಡು. ಕಟ್ಟಕಡೆಯ ಮೆಟ್ಟಿಲು ಹೆಲ್ಮೆಟ್ಟು, ಗ್ಲೌಸು. ಮೇಲಿಂದ ಕೆಳಗೆ ಬಂದ ಹಾಗೆಲ್ಲ ರಕ್ಷಣೆ ದುರ್ಬಲ ಆಗ್ತಾ ಹೋಗುತ್ತೆ, ಕೊನೆಗೆ ಎಲ್ಲ ಆ ಕೆಲಸಗಾರನ ಎಚ್ಚರದ ಮೇಲೇ ನಿಂತಿರುತ್ತೆ. ನಾನು ಅವರ ಎಕ್ಸೆಲ್ ಶೀಟುಗಳನ್ನ ಸಿಸ್ಟಮಿಗೆ ತುಂಬಿಸ್ತಾ ಇದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಟ್ರೈನಿಂಗ್, ಪೋಸ್ಟರ್, ಗ್ಲೌಸ್ ಇದ್ದ ಸಾಲುಗಳೆಲ್ಲ ಹೇಳಿದ ತಾರೀಖಿಗೇ ಮುಗಿದಿವೆ. ಎಲ್ಲ ಹಸಿರು. ಮೆಷಿನ್ ನಿಲ್ಲಿಸಬೇಕಾದ ಸಾಲುಗಳ ತಾರೀಖು ಮಾತ್ರ ಮುಂದೆ ಮುಂದೆ ಹೋಗಿದೆ. ಯಾರೂ ಪಿತೂರಿ ಮಾಡಿ ಹೀಗೆ ಮಾಡಿದ್ದಲ್ಲ. ಪೋಸ್ಟರ್ ಅಂಟಿಸೋಕೆ ಯಾರ ಅನುಮತಿಯೂ ಬೇಡ, ಅಷ್ಟೇ. ಆದ್ರೆ ತಿಂಗಳ ಕೊನೆಗೆ ನಮ್ಮ ಡ್ಯಾಶ್‌ಬೋರ್ಡ್ ಹೇಳೋದು ಏನು? ನೂರಕ್ಕೆ ಎಂಬತ್ತೋ ತೊಂಬತ್ತೋ ಭಾಗ ಕೆಲಸ ಮುಗಿದಿದೆ ಅಂತ. ಅದನ್ನ ನೋಡಿ ಸಂತೋಷಪಡೋರು ಮೋಸಗಾರರಲ್ಲ, ಅವರು ಓದ್ತಾ ಇರೋ ಸಂಖ್ಯೆ ಅಂಥದ್ದು. ಆ ಸಂಖ್ಯೆಯನ್ನ ಲೆಕ್ಕ ಹಾಕೋ ಕೋಡ್ ಬರೆದೋನು ನಾನು.

ಇಲ್ಲಿ ನಾನು ನಮ್ಮೂರಿನ ವಿಷಯ ಹೇಳಬೇಕು. ಇಷ್ಟು ದಿನ ಎಲ್ಲೂ ಬರೆದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಸಣ್ಣ ಅಡಿಕೆ ತೋಟ. ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತೆ, ಬಂದ್ರೆ ಎಳೇ ಕಾಯಿ ಕೊಳೆತು ಉದುರಿ ಮರದ ಬುಡ ತುಂಬಿಹೋಗುತ್ತೆ. ಅದಕ್ಕೆ ಬೋರ್ಡೋ ಔಷಧಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯೋ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೇ ಸಲ ಅನ್ನೋದು ನಡು ಮಳೆಗಾಲದಲ್ಲಿ ಬರುತ್ತೆ. ಹೊಡೆದ ಔಷಧಿ ಕೊನೆಯ ಮೇಲೆ ಒಣಗೋಕೆ ಸ್ವಲ್ಪ ಹೊತ್ತಾದ್ರೂ ಹೊಳವು ಬೇಕು. ಹಾಗಾಗಿ ಮಲೆನಾಡಿನಲ್ಲಿ ಜುಲೈ, ಆಗಸ್ಟ್ ಅಂದ್ರೆ ಎಲ್ಲರೂ ಆಕಾಶ ನೋಡ್ತಾ ಕೂತಿರ್ತಾರೆ. ನಮ್ಮ ಸ್ಪ್ರಿಂಟು, ಡೆಡ್‌ಲೈನು ಎಲ್ಲ ಅದರ ಮುಂದೆ ಏನೂ ಅಲ್ಲ. ಈ ಡೆಡ್‌ಲೈನ್ ಯಾವುದು ಅಂತ ಅದು ಕಳೆದುಹೋದ ಮೇಲೇ ಗೊತ್ತಾಗೋದು.

ನಾನಾಗ ಹೈಸ್ಕೂಲು. ಒಂದು ವಾರ ಬಿಡದೆ ಹೊಯ್ದು, ಶಾಲೆಗೆ ಮಳೆ ರಜೆ ಕೊಟ್ಟಿದ್ದ ದಿನ ಬೆಳಗ್ಗೆ ಹೊಳವಾಯ್ತು. ಅಪ್ಪಯ್ಯ ಕೊನೆಗಾರನಿಗೆ ಹೇಳಿಕಳಿಸಿದ್ರು. ಅವನು ನಮ್ಮ ತೋಟಕ್ಕೆ ನಾನು ಹುಟ್ಟೋ ಮೊದಲಿಂದ ಬರ್ತಾ ಇದ್ದೋನು. ಕಾಲಿಗೆ ತಳೆ ಹಾಕ್ಕೊಂಡು ಹತ್ತಿದ್ರೆ ಒಂದು ಮರದಿಂದ ಇಳೀದೆ, ಮೇಲಿಂದ ಮೇಲೇ ಮರ ಬಗ್ಗಿಸಿ ಪಕ್ಕದ ಮರ ಹಿಡ್ಕೊಂಡು ಹೋಗ್ತಿದ್ದ. ಅವನು ಬಂದು ಒಂದು ಮರಕ್ಕೆ ಉಗುರಲ್ಲಿ ಗೀರಿ ನೋಡಿದ. ಹಸಿರು ಪಾಚಿ ಉಗುರಿಗೆ ಬಂತು.

"ಇವತ್ತು ಬ್ಯಾಡ ಅಯ್ಯಾ, ಮರ ಜಾರ್ತದೆ."

"ನಾಳೆ ಮತ್ತೆ ಮಳೆ ಹಿಡ್ಕೊಂಡ್ರೆ ಈ ವರ್ಷದ ಫಸಲು ಹೋಯ್ತು ಮಾರಾಯ. ಆ ಮೇಲಿನ ಸಾಲು ಒಂದು ಮುಗಿಸಿಕೊಡು, ಸಾಕು."

ಅವನು ಆಕಾಶ ನೋಡಿದ, ಮರ ನೋಡಿದ, ಅಪ್ಪಯ್ಯನ್ನ ನೋಡಿದ. ಆಮೇಲೆ ತಳೆ ಹಾಕ್ಕೊಂಡ. ಕೆಳಗೆ ಪಂಪು ಒತ್ತೋ ಕೆಲಸ ನಂದು.

ಮೂರನೇ ಮರದಿಂದ ಬಿದ್ದ. ಸೊಂಟದ ಮೂಳೆ ಮುರಿದಿತ್ತು. ಜೀಪಲ್ಲಿ ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ರು. ಜೀವಕ್ಕೇನೂ ಆಗಲಿಲ್ಲ. ಆದ್ರೆ ಅವನು ಮತ್ತೆ ಮರ ಹತ್ತಲಿಲ್ಲ. ನೆಟ್ಟಗೆ ನಡೀಲೂ ಇಲ್ಲ.

ಆಸ್ಪತ್ರೆ ಖರ್ಚೆಲ್ಲ ಅಪ್ಪಯ್ಯ ಕೊಟ್ರು. ಪ್ರತಿ ವರ್ಷ ಅವನ ಮನೆಗೆ ಅಕ್ಕಿ ಹೋಗ್ತಿತ್ತು. ಊರಲ್ಲಿ ಎರಡು ಮಾತು ಬಂತು. "ಅವನ ಗ್ರಹಚಾರ" ಅನ್ನೋದು ಒಂದು. "ಗೌಡ್ರು ಒಳ್ಳೇರು, ಕೈ ಬಿಡಲಿಲ್ಲ" ಅನ್ನೋದು ಇನ್ನೊಂದು. ಎರಡೂ ಸುಳ್ಳಲ್ಲ. ಮೂರನೇ ಒಂದು ಮಾತನ್ನ ನಾನೇ ನಂಗೆ ಹೇಳ್ಕೊಂಡು ಬಂದಿದ್ದೆ, ಬಹಳ ವರ್ಷ. ಅವನೇನು ಚಿಕ್ಕ ಮಗುವಾ, ಅವನೇ ಒಪ್ಪಿ ತಾನೆ ಹತ್ತಿದ್ದು?

ಈಗ ಯೋಚನೆ ಮಾಡಿದ್ರೆ ಅವತ್ತು ತೋಟದಲ್ಲಿ ಇದ್ದದ್ದು ಒಂದು ರಿಸ್ಕ್ ರಿಜಿಸ್ಟರೇ. ಮಳೆ ಬಂದ್ರೆ ಹೋಗೋದು ಅಪ್ಪಯ್ಯನ ಫಸಲು. ಕಾಲು ಜಾರಿದ್ರೆ ಹೋಗೋದು ಅವನ ಸೊಂಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅಪ್ಪಯ್ಯ. ಫಸಲು ಕಣ್ಣೆದುರು ಇತ್ತು, ಅದಕ್ಕೆ ರೇಟಿತ್ತು, ಸೊಸೈಟಿ ಸಾಲದ ಲೆಕ್ಕ ಇತ್ತು. ಬೀಳದೇ ಇರೋ ಮನುಷ್ಯನಿಗೆ ಯಾವ ಲೆಕ್ಕ? ಕೊನೆಗಾರ "ಇಲ್ಲ" ಅಂದಿದ್ರೆ ಅವತ್ತಿನ ಕೂಲಿ ಇಲ್ಲ, ಮುಂದಿನ ವರ್ಷ ಬೇರೆಯವನನ್ನ ಕರೆದ್ರೂ ಕರೆದ್ರೇ. ಅವನು "ಹೂಂ" ಅಂದಿದ್ದು ನಿಜ. ಆ "ಹೂಂ"ಗೆ ಎಷ್ಟು ತೂಕ ಕೊಡಬೇಕು ಅನ್ನೋದೇ ನನ್ನ ಪ್ರಶ್ನೆ.

ಇದಕ್ಕೆ ಒಂದು ಎದುರುವಾದ ಇದೆ, ಅದನ್ನ ಲಘುವಾಗಿ ತಳ್ಳಿಹಾಕೋಕಾಗಲ್ಲ. ಅಪಾಯವೇ ಬೇಡ ಅಂದ್ರೆ ಅಡಿಕೆಯೂ ಇಲ್ಲ, ಸೇತುವೆಯೂ ಇಲ್ಲ, ಪೆಟ್ರೋಲೂ ಇಲ್ಲ. ಯಾರೋ ಒಬ್ಬರು ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು. ಎಳೆಯೋರಿಗೆ ಎಲ್ಲಾ ಸಲವೂ ಮರ ಹತ್ತಿ ನೋಡೋಕಾಗಲ್ಲ. ಅಮೆರಿಕದಲ್ಲಿ ಒಂದು ಕಾಲದಲ್ಲಿ ಈ ಗೆರೆಯನ್ನ ಬಾಯಿಬಿಟ್ಟೇ ಹೇಳ್ತಿದ್ರು. ದೊಡ್ಡ ಕಟ್ಟಡ, ಸೇತುವೆ ಕಟ್ಟುವಾಗ ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಸಾವು ಅನ್ನೋದು ಅಲ್ಲಿನ ಬಾಯಿಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೆ ಸುಮಾರು 3.5 ಕೋಟಿ ಡಾಲರ್ ಖರ್ಚು, ಆ ಲೆಕ್ಕದಲ್ಲಿ ಮೂವತ್ತೈದು ಜೀವ. 1933ರಲ್ಲಿ ಕೆಲಸ ಶುರುವಾದಾಗ ಚೀಫ್ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಗಟ್ಟಿ ಟೋಪಿ ಕಡ್ಡಾಯ ಮಾಡಿದ್ರು, ಆಮೇಲೆ ಸೇತುವೆ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದ್ರು. ಬಲೆಗೆ 1.3 ಲಕ್ಷ ಡಾಲರಿಗೂ ಹೆಚ್ಚು ಖರ್ಚು. ಅದರಲ್ಲಿ ಬಿದ್ದು ಬದುಕಿದೋರು 19 ಜನ. 1937ರ ಫೆಬ್ರವರಿಯಲ್ಲಿ ಅಟ್ಟಣಿಗೆಯೇ ಕಳಚಿ ಬಲೆ ಹರಿದು ಬಿದ್ದಾಗ ಹತ್ತು ಜನ ಸತ್ರು. ಅದೂ ಸೇರಿ ಒಟ್ಟು ಹನ್ನೊಂದು. ಮೂವತ್ತೈದು ಅನ್ನೋದು ಪ್ರಕೃತಿ ನಿಯಮ ಅಂತ ನಂಬಿದೋರಿಗೆ, ಬಲೆ ಕಟ್ಟೋ ತನಕ ಅದು ನಿಯಮದ ಹಾಗೇ ಕಂಡಿತ್ತು. ಹನ್ನೊಂದೂ ಸಣ್ಣ ಸಂಖ್ಯೆ ಅಂತ ನಾನು ಹೇಳ್ತಾ ಇಲ್ಲ.

ನಮ್ಮ ಸಾಫ್ಟ್‌ವೇರಿನಲ್ಲಿ ಇನ್ನೊಂದು ಮಾಡ್ಯೂಲ್ ಇತ್ತು, ಪರ್ಮಿಟ್ ಟು ವರ್ಕ್. ರಿಪೇರಿ ಕೆಲಸ ಶುರು ಮಾಡೋ ಮೊದಲು ತಗೋಬೇಕಾದ ಅನುಮತಿ ಚೀಟಿ. ಈ ಚೀಟಿಯ ವಿಷಯ ಓದೋಕೆ ಕೂತರೆ ಎಲ್ಲ ದಾರಿಯೂ ಹೋಗಿ ಸೇರೋದು ಪೈಪರ್ ಆಲ್ಫಾಕ್ಕೆ. ಸ್ಕಾಟ್ಲೆಂಡಿನ ಆಚೆ, ಉತ್ತರ ಸಮುದ್ರದ ನಡುವೆ ಇದ್ದ ತೈಲ ಪ್ಲಾಟ್‌ಫಾರ್ಮ್. 1988ರ ಜುಲೈ 6. ಅಲ್ಲಿ ಎರಡು ಪಂಪು, ಎ ಮತ್ತು ಬಿ. ಎ ಪಂಪಿನ ಸುರಕ್ಷತಾ ವಾಲ್ವನ್ನ ತಪಾಸಣೆಗೆ ಅಂತ ಹಗಲು ಪಾಳಿಯವರು ಬಿಚ್ಚಿದ್ರು. ಸಂಜೆಯೊಳಗೆ ಮುಗೀಲಿಲ್ಲ. ತೆರೆದ ಬಾಯಿಗೆ ಒಂದು ಲೋಹದ ತಟ್ಟೆ ಕೂರಿಸಿ, ನಾಳೆ ನೋಡೋಣ ಅಂತ ಹೋದ್ರು. ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಬಿ ಪಂಪ್ ನಿಂತುಹೋಯ್ತು, ಏನು ಮಾಡಿದ್ರೂ ಶುರುವಾಗ್ತಿಲ್ಲ. ಎ ಪಂಪ್ ಹಾಕಬಹುದಾ ಅಂತ ರಾತ್ರಿ ಪಾಳಿಯವರು ಚೀಟಿ ಹುಡುಕಿದ್ರು. ಎ ಪಂಪಿನ ಸರ್ವೀಸಿಂಗಿಗೆ ಅಂತ ಇದ್ದ ಚೀಟಿ ಸಿಕ್ತು, ಆ ಕೆಲಸ ಇನ್ನೂ ಶುರುವಾಗಿರಲಿಲ್ಲ. ವಾಲ್ವ್ ಬಿಚ್ಚಿದ ಚೀಟಿ ಬೇರೆ, ಅದು ಅವರ ಕಣ್ಣಿಗೆ ಬೀಳಲಿಲ್ಲ. ಒಂದಕ್ಕೊಂದು ಕೊಂಡಿ ಇರಲಿಲ್ಲ. ಎ ಪಂಪ್ ಶುರು ಮಾಡಿದ್ರು. ಆ ದುರಂತದಲ್ಲಿ ಸತ್ತೋರು 167 ಜನ.

ಡೇಟಾಬೇಸ್ ಓದಿದೋನಿಗೆ ಇದು ಹೊಟ್ಟೆ ತೊಳಸೋ ಕಥೆ. ಎರಡು ರೆಕಾರ್ಡು, ನಡುವೆ ಒಂದು ಫಾರಿನ್ ಕೀ ಇಲ್ಲ. ನಾನು ಅವತ್ತೇ ನಮ್ಮ ಪರ್ಮಿಟ್ ಟೇಬಲ್ಲಿನಲ್ಲಿ ಒಂದೇ ಯಂತ್ರದ ಮೇಲಿನ ಎಲ್ಲ ಚೀಟಿಗಳೂ ಒಟ್ಟಿಗೆ ಕಾಣೋ ಹಾಗೆ ಮಾಡಿದೆ, ಸ್ವಲ್ಪ ಹೆಮ್ಮೆಯೂ ಪಟ್ಟೆ. ಆದ್ರೆ ಅದೇ ರಾತ್ರಿಯ ಇನ್ನೊಂದು ವಿಷಯಕ್ಕೆ ನನ್ನ ಹತ್ರ ಯಾವ ಕೋಡೂ ಇರಲಿಲ್ಲ. ಪೈಪರ್ ಆಲ್ಫಾ ಹತ್ತಿ ಉರೀತಾ ಇದ್ದಾಗ ಅಕ್ಕಪಕ್ಕದ ಟಾರ್ಟನ್, ಕ್ಲೇಮೋರ್ ಅನ್ನೋ ಪ್ಲಾಟ್‌ಫಾರ್ಮುಗಳು ಅದೇ ಪೈಪಿನ ಜಾಲಕ್ಕೆ ಎಣ್ಣೆ ತಳ್ತಾನೇ ಇದ್ವು. ಅಲ್ಲಿದ್ದೋರು ಕೆಟ್ಟವರಾಗಿರಲಿಲ್ಲ. ನಿಲ್ಲಿಸಿದ್ರೆ ದೊಡ್ಡ ನಷ್ಟ, ಅಷ್ಟು ದೊಡ್ಡ ತೀರ್ಮಾನವನ್ನ ದಡದಲ್ಲಿರೋ ಮೇಲಿನವರನ್ನ ಕೇಳದೆ ಹೇಗೆ ತಗೋಳ್ಳೋದು ಅನ್ನೋ ಹಿಂಜರಿಕೆ. ಬೆಂಕಿ ಕಾಣಿಸ್ತಾ ಇದ್ದ ಜಾಗದಲ್ಲಿ ನಿಲ್ಲಿಸೋ ಧೈರ್ಯ ಇರಲಿಲ್ಲ, ನಿಲ್ಲಿಸೋ ಅಧಿಕಾರ ಇದ್ದ ಜಾಗಕ್ಕೆ ಬೆಂಕಿ ಕಾಣಿಸ್ತಾ ಇರಲಿಲ್ಲ.

ನಮ್ಮ ದೇಶದ ಕಾನೂನಿಗೂ ಈ ಹಿಂಜರಿಕೆ ಗೊತ್ತು. ಭೋಪಾಲ್ ಆದ ಮೇಲೆ, 1987ರಲ್ಲಿ, 1948ರ ಫ್ಯಾಕ್ಟರೀಸ್ ಆಕ್ಟಿಗೆ 41-ಎಚ್ ಅಂತ ಒಂದು ಕಲಮು ಸೇರಿಸಿದ್ರು. ಅಪಾಯಕಾರಿ ಪ್ರಕ್ರಿಯೆ ಇರೋ ಕಾರ್ಖಾನೆಯಲ್ಲಿ ಜೀವಕ್ಕೋ ಆರೋಗ್ಯಕ್ಕೋ ಇದೀಗಲೇ ಕುತ್ತು ಬರೋ ಹಾಗಿದೆ ಅಂತ ಕೆಲಸಗಾರನಿಗೆ ಅನಿಸಿದ್ರೆ, ಅವನು ಅದನ್ನ ಮೇಲಿನವರಿಗೂ ಜೊತೆಗೇ ಇನ್‌ಸ್ಪೆಕ್ಟರಿಗೂ ತಿಳಿಸೋ ಹಕ್ಕು ಅದರಲ್ಲಿತ್ತು. ಒಳ್ಳೇದೇ. ನಮ್ಮ ಕೊನೆಗಾರನೂ ತಿಳಿಸಿದ್ದ, ಅಲ್ವಾ? ತಿಳಿಸೋದು ಒಂದು, ನಿಲ್ಲಿಸೋದು ಇನ್ನೊಂದು.

ಇನ್ನು ಆ ಲಾಗ್ ವಿಷಯ.

ಗೋ ಲೈವ್ ಆಗಿ ಎರಡು ತಿಂಗಳಿಗೆ ಆಡಿಟ್ ಲಾಗ್ ಸರಿಯಾಗಿ ದಾಖಲಾಗ್ತಾ ಇದ್ಯಾ ಅಂತ ಪರೀಕ್ಷೆ ಮಾಡ್ತಾ ಇದ್ದೆ. ಹಳೇ ಪ್ರೆಸ್‌ಗಳ ಸಾಲು ಕಣ್ಣಿಗೆ ಬಿತ್ತು. ಸಾಧ್ಯತೆ 4, ತೀವ್ರತೆ 5, ಒಟ್ಟು 20, ಕೆಂಪು ಅಂತ ಇದ್ದದ್ದು ಮ್ಯಾನೇಜ್‌ಮೆಂಟ್ ರಿವ್ಯೂ ಹಿಂದಿನ ದಿನ ಸಂಜೆ ಬದಲಾಗಿದೆ. ಸಾಧ್ಯತೆ 2. ಒಟ್ಟು 10, ಹಳದಿ. ಹಳದಿ ಆದ್ರೆ ಡಿಪಾರ್ಟ್‌ಮೆಂಟ್ ಮಟ್ಟದಲ್ಲೇ ಆಕ್ಸೆಪ್ಟ್ ಮಾಡಬಹುದು, ಹಾಗಂತ ರೂಲ್ ಬರೆದಿದ್ದೂ ನಾನೇ. ಮಾಡಿದ್ದಾರೆ. ಬದಲಾವಣೆಗೆ ಕಾರಣ ಅನ್ನೋ ಜಾಗ ಖಾಲಿ. ಅದನ್ನ ಕಡ್ಡಾಯ ಮಾಡಿದ್ರೆ ಬಳಸೋರಿಗೆ ಕಿರಿಕಿರಿ ಅಂತ ಐಚ್ಛಿಕ ಮಾಡಿದ್ವಿ. ಆ ಟಿಕೆಟ್ಟನ್ನ ಕ್ಲೋಸ್ ಮಾಡಿದ್ದೂ ನಾನೇ.

ನಮ್ಮ ಮ್ಯಾನೇಜರಿಗೆ ಹೇಳಿದೆ. "ಅದು ಕ್ಲೈಂಟ್ ಡೇಟಾ ಗುರು, ನಮಗ್ಯಾಕೆ?" ಅಂದ್ರು. ತಪ್ಪು ಅಂತ ಹೇಳೋ ಹಾಗೂ ಇರಲಿಲ್ಲ. ಸೇಫ್ಟಿ ಆಫೀಸರಿಗೆ ಫೋನ್ ಮಾಡಿದೆ.

"ಗೊತ್ತು ಸಾರ್, ನಂಗೆ ಹೇಳೇ ಮಾಡಿದ್ದು. ಟ್ರೈನಿಂಗ್ ಕೊಟ್ಟಾಗಿದೆಯಲ್ಲ, ಸಾಧ್ಯತೆ ಕಮ್ಮಿ ಆಗಿರಲೇಬೇಕಲ್ಲ ಅಂದ್ರು." ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದ್ರು, "ಎರಡು ವರ್ಷದಿಂದ ಒಂದೂ ಆಕ್ಸಿಡೆಂಟ್ ಇಲ್ಲ ಅಂತಾರೆ ಸಾರ್. ಅದೂ ನಿಜಾನೇ."

ಈ "ಅದೂ ನಿಜಾನೇ" ಅನ್ನೋದು ನನ್ನ ನಿದ್ದೆ ಕೆಡಿಸಿದ ಮಾತು. ಇವತ್ತಿನ ತನಕ ಆ ಪ್ರೆಸ್‌ಗಳಲ್ಲಿ ಏನೂ ಆಗಿಲ್ಲ. ಆಗದೇ ಇರಲಿ. ಹಾಗಾದ್ರೆ ಆ 2 ಸರಿಯಾಗಿತ್ತಾ?

ಇಂಗ್ಲಿಷ್ ತತ್ವಶಾಸ್ತ್ರದಲ್ಲಿ ಇದಕ್ಕೆ ಒಂದು ಹೆಸರಿದೆ, ನೈತಿಕ ಅದೃಷ್ಟ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ ಅನ್ನೋ ಇಬ್ಬರು ಇದನ್ನ ಎತ್ತಿದ್ರು. ನೇಗೆಲ್ ಕೊಡೋ ಉದಾಹರಣೆಗಳಲ್ಲಿ ಒಂದು ಸರಳವಾಗಿದೆ. ಒಬ್ಬ ಡ್ರೈವರ್ ಬ್ರೇಕ್ ಸರಿಯಾಗಿ ನೋಡಿಸಿರಲ್ಲ. ಒಂದು ಮಗು ಅಡ್ಡ ಬರುತ್ತೆ, ಅವನು ಜೀವನಪೂರ್ತಿ ಅಪರಾಧಿ. ಅಂಥದ್ದೇ ಅಸಡ್ಡೆ ಮಾಡಿದ ಇನ್ನೊಬ್ಬನ ದಾರಿಗೆ ಯಾವ ಮಗುವೂ ಬರಲ್ಲ, ಅವನು ಮನೆಗೆ ಹೋಗಿ ಊಟ ಮಾಡಿ ಮಲಗ್ತಾನೆ. ಇಬ್ಬರೂ ಮಾಡಿದ ತಪ್ಪು ಒಂದೇ. ಆದ್ರೂ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಥರ ಕಾಣಲ್ಲ.

ಇದನ್ನ ಓದಿದಾಗ ನಂಗೆ ನೆನಪಾಗಿದ್ದು ಅಪ್ಪಯ್ಯ ಆ ಕೊನೆಗಾರನನ್ನ ಹತ್ತಿಸಿದ ಬೇರೆ ವರ್ಷಗಳು. ಅವತ್ತು ಒಂದೇ ದಿನ ಅಲ್ಲ ಅಪ್ಪಯ್ಯ "ಆ ಸಾಲು ಒಂದು ಮುಗಿಸಿಕೊಡು" ಅಂದದ್ದು. ಹಿಂದೆಯೂ ಅಂದಿದ್ರು. ಬೇರೆ ತೋಟದವರೂ ಅಂದಿದ್ರು, ಇಡೀ ಮಲೆನಾಡೇ ಅಂದಿತ್ತು. ಅವನು ಹತ್ತಿ, ಇಳಿದು, ಕೂಲಿ ತಗೊಂಡು, ಕವಳ ಹಾಕ್ಕೊಂಡು ಮನೆಗೆ ಹೋಗಿದ್ದ. ಆ ವರ್ಷಗಳನ್ನ ನಾವು ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ, ಏನೂ ಆಗಲಿಲ್ಲ ಅಂತ. ಅಪ್ಪಯ್ಯನಿಂದ ತಪ್ಪಾಗಿದ್ದು ಅವನು ಬಿದ್ದ ದಿನ ಅಂತ ಊರು ಅಂದ್ಕೊಂಡಿದೆ. ನಂಗೆ ಅನಿಸೋದು, ತಪ್ಪು ಅವನು ಬೀಳದೇ ಇದ್ದ ವರ್ಷಗಳಲ್ಲೂ ಅಷ್ಟೇ ಇತ್ತು, ಅದಕ್ಕೆ ಸಾಕ್ಷಿ ಇರಲಿಲ್ಲ ಅಷ್ಟೇ. ಫ್ಯಾಕ್ಟರಿಯ ಆ 2 ಕೂಡ ಹಾಗೇ. ಎರಡು ವರ್ಷ ಏನೂ ಆಗದೇ ಇದ್ದದ್ದು ಆ ಅಂಕ ಸರಿ ಅನ್ನೋದಕ್ಕೆ ಪುರಾವೆ ಅಲ್ಲ. ಆ ಹುಡುಗನನ್ನ ಯಾರೂ ಕೇಳಿಲ್ಲ ಅನ್ನೋದು ಮಾತ್ರ ಲಾಗಿನಲ್ಲಿ ಖಚಿತವಾಗಿ ಇದ್ದ ಸಂಗತಿ.

ಹಾಗಂತ ನಾನೇನು ದೊಡ್ಡ ಕೆಲಸ ಮಾಡಲಿಲ್ಲ. ಮೂರು ಬದಲಾವಣೆ ಬರೆದು ಕಳಿಸಿದೆ. ಅಂಕ ಇಳಿಸಿದ್ರೆ ಕಾರಣ ಬರೀಲೇಬೇಕು. ಡೆಲಿವರಿ ತಾರೀಖಿಗೆ ಉತ್ತರ ಕೊಡಬೇಕಾದವರೇ ಸಾಧ್ಯತೆಯ ಅಂಕ ಇಳಿಸೋ ಹಾಗಿಲ್ಲ. ಮೂರನೆಯದು, ಆಕ್ಸೆಪ್ಟ್ ಒತ್ತೋ ಮೊದಲು ಆ ಮೆಷಿನ್ ಮುಂದೆ ನಿಲ್ಲೋರಿಗೆ ಇದನ್ನ ಹೇಳಿದ್ದೀವಿ, ಅವರು ಏನಂದ್ರು ಅಂತ ದಾಖಲಿಸೋ ಒಂದು ಜಾಗ, ಪಾಳಿಯವರ ಸಹಿ ಸಮೇತ. ಮೊದಲಿನ ಎರಡಕ್ಕೆ ಒಪ್ಪಿದ್ರು. ಮೂರನೆಯದು ಕ್ಲೈಂಟಿನ ಲೀಗಲ್‌ನವರ ಹತ್ರ ಹೋಗಿ, ಅಲ್ಲಿಂದ ಫೇಸ್ ಟೂಗೆ ಹೋಯ್ತು. ಫೇಸ್ ಟೂ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೆಷಿನ್ ಮುಂದೆ ನಿಲ್ಲೋರು ಹೆಚ್ಚಿನವರು ಕಾಂಟ್ರ್ಯಾಕ್ಟ್ ಹುಡುಗರು, ಅವರಿಗೆ ನಮ್ಮ ಸಿಸ್ಟಮಿನಲ್ಲಿ ಲಾಗಿನ್ನೇ ಇಲ್ಲ. ಲಾಗಿನ್ ಕೊಟ್ರೆ ಲೈಸೆನ್ಸ್ ಖರ್ಚು.

ಮೂರು ಪ್ರೆಸ್‌ಗಳಿಗೆ ಲೈಟ್ ಕರ್ಟನ್ ಬಂದಿದೆ ಅಂತ ಮೊನ್ನೆ ಸೇಫ್ಟಿ ಆಫೀಸರ್ ಫೋಟೋ ಕಳಿಸಿದ್ರು. ಉಳಿದವಕ್ಕೆ ತಾರೀಖು ಹಾಕಿದ್ದಾರೆ.

ಹೋದ ಭಾನುವಾರ ಊರಿಗೆ ಫೋನ್ ಮಾಡಿದ್ದೆ. ಈಗ ನಮ್ಮ ಕಡೆ ಮರ ಹತ್ತೋದು ಕಮ್ಮಿ ಆಗಿದೆ. ಕಾರ್ಬನ್ ಫೈಬರಿನ ಉದ್ದದ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೀತಾರೆ, ಕೊನೆ ಕೊಯ್ಯೋದೂ ಅದರಲ್ಲೇ. ಏಣಿಯ ಮೊದಲನೇ ಮೆಟ್ಟಿಲು. ಸುರಕ್ಷತೆಗೆ ಅಂತ ತಂದಿದ್ದಲ್ಲ, ಹತ್ತೋರು ಸಿಗಲ್ಲ ಅಂತ ತಂದಿದ್ದು. ಕೊನೆಗಾರನ ಮಗ ಶಿವಮೊಗ್ಗದಲ್ಲಿ ಆಟೋ ಓಡಿಸ್ತಾನೆ. "ದೋಟಿಯವನು ಬಂದಿದ್ದ, ಗಾಳಿ ಜಾಸ್ತಿ ಇದೆ, ಇವತ್ತು ಆಗಲ್ಲ ಅಂತ ವಾಪಸ್ ಹೋದ" ಅಂದ್ರು ಅಪ್ಪಯ್ಯ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಇಷ್ಟು ವರ್ಷದಲ್ಲಿ ಕೇಳದೇ ಇದ್ದದ್ದನ್ನ ಅವತ್ತು ಕೇಳಿಬಿಟ್ಟೆ. "ಅಪ್ಪಯ್ಯ, ಅವತ್ತು ಅವನು ಬ್ಯಾಡ ಅಂದಿದ್ದ, ನೆನಪಿದ್ಯಾ?"

ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ಮಳೆ ಸದ್ದು ಮಾತ್ರ ಕೇಳಿಸ್ತಾ ಇತ್ತು.

"ಎರಡು ಸಲ ಅಂದಿದ್ದ" ಅಂದ್ರು. "ನೀನು ಪಂಪ್ ಹತ್ರ ಇದ್ದೆ. ಇನ್ನೊಂದು ಸಲ ಅಂದಿದ್ದು ನಿಂಗೆ ಕೇಳಿಸಿರಲಿಕ್ಕಿಲ್ಲ."

ಆಮೇಲೆ ಈ ವರ್ಷದ ಮೈಲುತುತ್ತದ ರೇಟಿನ ಮಾತು ತೆಗೆದರು.